ಎಂಟು ಸಾಲು ಜೋಳ

ದೇವರ ಹಿಪ್ಪರಗಿಯ ಸುತ್ತೆಲ್ಲ ರಾಶಿ ಮುಗಿದು, ಗುರವ್ವನ ಹೊಲದಲ್ಲಿ ಮಾತ್ರ ಎಂಟು ಸಾಲು ಜೋಳ ನಿಂತಿತ್ತು. ಊರ ಹಕ್ಕಿಗಳಿಗೆಲ್ಲ ಅದೇ ಉಣ್ಣುವ ಮನೆ. ಆದರೂ ಮುದುಕಿ ಕೀಳಿಸಿರಲಿಲ್ಲ. ಮೊಮ್ಮಗಳು ಭುವನೇಶ್ವರಿ ಯಂತ್ರ ತಂದು ಕೀಳುತ್ತಾಳೆಂದು ಓಣಿತುಂಬ ಹೇಳಿಕೊಂಡು ಬಂದಿದ್ದಳು.

ಯಂತ್ರ ವಿನ್ಯಾಸದ ಎಂ.ಟೆಕ್. ಓದುತ್ತಿದ್ದ ಭುವನೇಶ್ವರಿಗೆ ಇದು ಕೊನೆಯ ಸುಗ್ಗಿ. ಹೋದ ವರ್ಷ ಅವಳ ಜೋಳ ಕೀಳುವ ಯಂತ್ರ ತಯಾರಾಗುವುದರೊಳಗೆ ಹೊಲಗಳು ಬರಿದಾಗಿದ್ದವು. ಕಾಲೇಜು ಈ ಜೂನಿನ ತನಕ ಗಡುವು ಕೊಟ್ಟು, ಇನ್ನು ಕೇಳಬೇಡ ಎಂದಿತ್ತು. ನೂರರಲ್ಲಿ ಎಂಬತ್ತು ದಂಟಾದರೂ ಮುರಿಯದೆ ಬೇರುಸಹಿತ ಬಂದರೆ ಪದವಿ, ಇಲ್ಲವಾದರೆ ಇಲ್ಲ. ಕಾಲೇಜಿನ ಹಿಂದೆ ನೀರುಣಿಸಿ ಬೆಳೆಸಿದ ಮಡಿಯಲ್ಲಿ ತೊಂಬತ್ತು ಬಂದಿದ್ದವು.

ಅಜ್ಜಿಯ ಕಥೆಯಲ್ಲೊಬ್ಬ ಏಳು ಕೈಯ ರಾಕ್ಷಸನಿದ್ದ. ಕೋಳಿ ಕೂಗುವುದರೊಳಗೆ ಹನ್ನೆರಡು ಕೂರಿಗೆ ಹೊಲದ ಜೋಳ ಕಿತ್ತು ಸಾಲಾಗಿ ಮಲಗಿಸುತ್ತಿದ್ದ. ಜೋಳ ಕಿತ್ತು ಸುಲಿದ ಅಜ್ಜಿಯ ಅಂಗೈ ಮೇಲೆ ಕೆನ್ನೆ ಇಟ್ಟು ಮಲಗುತ್ತಿದ್ದ ಹುಡುಗಿ, ಅವನು ನಮ್ಮ ಹೊಲಕ್ಕೂ ಬರಲೆಂದು ಬೇಡುತ್ತಿದ್ದಳು. ಬಾರದವನನ್ನು ಈಗ ತಾನೇ ಕಬ್ಬಿಣದಲ್ಲಿ ಮಾಡಿದ್ದಳು.

ಸಿಂದಗಿಯಲ್ಲಿ ಅದನ್ನು ಬೆಸೆದುಕೊಟ್ಟ ಚಾಂದಸಾಬನೇ ಟೆಂಪೋದಲ್ಲಿ ತಂದಿಳಿಸಿ ಚಾಲೂ ಮಾಡಿದ. ಕರಿನೆಲ ಒಣಗಿ ಕಲ್ಲಾಗಿತ್ತು. ಲಟಕ್ ಎಂದು ಮುರಿಯಿತು ಮೊದಲ ದಂಟು. ಆಮೇಲೆ ಸಾಲುಗಟ್ಟಲೆ ಲಟಕ್, ಲಟಕ್. ಚಾಂದಸಾಬ ಬೆಲ್ಟು ಬಿಗಿದ, ಸಡಿಲಿಸಿದ. ಎಂಟೂ ಸಾಲು ಮುಗಿದಾಗ ಭುವನೇಶ್ವರಿ ಎಣಿಸಿದಳು. ಬೇರುಸಹಿತ ಬಂದದ್ದು ನೂರಕ್ಕೆ ಹತ್ತೊಂಬತ್ತು.

ನೋಡಲು ಬಂದಿದ್ದ ಓಣಿಯ ಜೋಹರಾಬಿ, "ಇದಕ್ಕಿಂತ ನಮ್ಮ ಎಮ್ಮಿ ಚಲೋ ಕೀಳತೈತಿ" ಎಂದಳು. ಭುವನೇಶ್ವರಿಯ ಮುಖ ನೋಡಿ, ಬಗ್ಗಿ ಮುರಿದ ದಂಟುಗಳನ್ನು ಒಟ್ಟತೊಡಗಿದಳು.

ಯಂತ್ರ ತಿರುಗದ ಬದುವಿನ ಮೂಲೆಯಲ್ಲಿ ಎರಡು ದಂಟು ಉಳಿದಿದ್ದವು. ಗುರವ್ವ ಹೋಗಿ ಒಂದನ್ನು ಹಿಡಿದು, ಪಕ್ಕಕ್ಕೆ ಹೊರಳಿಸಿ, ಎತ್ತಿದಳು. ಬೇರು ಸಮೇತ ಬಂತು.

"ಒಮ್ಮೆಲೇ ಜಗ್ಗಿದ್ರ ಮುರಿತೈತವ್ವಾ. ಮದ್ಲ ಬಾಜೂಕ ಹೊಳ್ಳಿಸಬೇಕು. ಬೇರು ಸಡ್ಲ ಆದಮ್ಯಾಗ ಜಗ್ಗಬೇಕು."

"ಮದ್ಲ ಯಾಕ ಹೇಳಲಿಲ್ಲ, ಆಯಿ?"

"ನೀ ಎಲ್ಲಿ ಕೇಳಿದಿ? ಕಥಿ ಹೇಳು ಅಂದಿ, ಕಥಿ ಹೇಳಿನಿ. ಇದನ್ನ ನಿಮ್ಮ ಸಾಲ್ಯಾಗ ಹೇಳಿರ್ತಾರ ಅಂದಕೊಂಡಿದ್ನಿ."

ಭುವನೇಶ್ವರಿ ಉಳಿದೊಂದನ್ನು ಹಿಡಿದು ಹೊರಳಿಸಿ ಜಗ್ಗಿದಳು. ಹೆಂಟೆಯೊಂದಿಗೆ ಬೇರು ಮೇಲೆ ಬಂತು. ದಂಟು ಹಿಡಿಯುವ ಯಂತ್ರದ ಕೈ ಎತ್ತ ವಾಲಬೇಕಿತ್ತೆಂಬುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಹೊಲದ ಉದ್ದಕ್ಕೂ ಹುಡುಕಿ ನೋಡಿದಳು. ಒಂದು ದಂಟೂ ನಿಂತಿರಲಿಲ್ಲ. ಮತ್ತೆ ಬಿತ್ತುವುದು ಜೂನು ಕಳೆದು, ದಸರೆಯ ಹೊತ್ತಿಗೆ.

ಬೇರಿನ ಮಣ್ಣು ಜಾಡಿಸಿ, ಕೈಯಲ್ಲಿದ್ದ ದಂಟನ್ನು ಒಯ್ದು ಮುರಿದ ದಂಟುಗಳ ಮೇಲೆ ಇಟ್ಟಳು.