ಸುರಗಿಯ ನೀರು ಕಾಯುವಾಗ

ಹಗ್ಗಕ್ಕೆ ಹಾಕಿದ ಟವೆಲ್ಲಿನ ತುದಿಯಿಂದ ಒಂದು ಹನಿ ಹಾಸುಗಲ್ಲಿನ ಮೇಲೆ ಬಿತ್ತು, ಇನ್ನೊಂದು ಕೂಡಿಕೊಳ್ಳುತ್ತಿದೆ, ಕಂದು ಬಣ್ಣದ್ದು, ಸೋಸಿದ ಅರಿವೆಯಲ್ಲಿ ಉಳಿಯುವ ಚಹಾದ ಹಾಗೆ, ಯಾರೋ ಎಲೆ ಹಾಕಿಕೊಂಡು ಬಾಯಿ ಒರೆಸಿರಬೇಕು, ಮದುವೆ ಮನೆ, ಹಿರೇಕೆರೂರಿನಿಂದ ಬಂದ ಬೀಗರಿಗೆ ನಿನ್ನೆ ಸಂಜೆಯಿಂದ ಸವಣೂರಿನ ಎಲೆ ಎಷ್ಟು ಕೊಟ್ಟರೂ ಸಾಲುತ್ತಿಲ್ಲ, ಆದರೆ ಎಲೆಯ ಕೆಂಪು ಬೇರೆ — ಇರಲಿ, ಈಗ ಹಂಡೆ ನೋಡಬೇಕು, ಹಂಡೆಯ ಕೆಳಗೆ ಉರಿ ಜೋರಾಗಿದೆ, ಒಂದು ಕಟ್ಟಿಗೆ ಹಿರಿದು ಬೂದಿಯಲ್ಲಿ ಒತ್ತುತ್ತೇನೆ, ಹೊಗೆ ಕಣ್ಣಿಗೆ ನುಗ್ಗುತ್ತದೆ, ಒಳ್ಳೆಯದೇ ಆಯಿತು, ಹೊಗೆ ಇದ್ದರೆ ಕಣ್ಣು ಯಾಕೆ ಒದ್ದೆ ಅಂತ ಯಾರೂ ಕೇಳುವುದಿಲ್ಲ. ನೀರು ಕಾಯಬಾರದು. ಕಾದ ನೀರು ಬ್ಯಾಡ್ರಿ ಅಕ್ಕಾರ, ಕಾದ ನೀರು ಬಿತ್ತಂದ್ರ ಈ ಬಣ್ಣ ಒಂದ ಸಲಕ್ಕ ಹರಕೊಂಡು ಹೋಗತೈತಿ, ರಮೀಜ ಹೇಳಿದ್ದಳು, ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪಾರ್ಲರ್ ಇಟ್ಟವಳು, ಪರದೆ ಎಳೆದು, ಫ್ಯಾನ್ ಬಂದ್ ಮಾಡಿ, ನನ್ನ ಮಗಳ ಬೈತಲೆಯ ಪಕ್ಕ ಬ್ರಷ್ ಆಡಿಸುತ್ತ. ಹಿತ್ತಲಿನಲ್ಲಿ ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆಯ ತಂಬಿಗೆ ಇಟ್ಟಾಗಿದೆ, ಸುತ್ತಲೂ ನೂಲು ಎಳೆದರೆ ಸುರಗಿ ಆಯಿತು, ಒಳಗೆ ಎರಡು ಮಣೆ, ಒಂದರ ಮೇಲೆ ಮದುಮಗ ರುದ್ರೇಶ, ಒಂದರ ಮೇಲೆ ನನ್ನ ರಂಜನಾ, ಮುತ್ತೈದೆಯರು ತಲೆಗೆ ಎಣ್ಣೆ ತಿಕ್ಕುತ್ತಾರೆ, ಮೈಗೆ ಅರಿಷಿಣ, ಆಮೇಲೆ ತಂಬಿಗೆ ತಂಬಿಗೆ ಬಿಸಿನೀರು, ತಲೆಯ ಮೇಲಿಂದ. ಇದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲವನ್ನೂ ಯೋಚಿಸಿದ್ದೆ, ಸೆಖೆ, ಬೆವರು, ಫೋಟೋದವನ ಲೈಟು, ಅಕ್ಕಿಕಾಳು ಬಿದ್ದಾಗ ತಲೆ ಕೊಡವಿದರೆ ಏನು ಅಂತ ಕೂಡ, ಸುರಗಿ ಮಾತ್ರ ನೆನಪಾಗಲಿಲ್ಲ, ನನ್ನ ಮದುವೆಯಲ್ಲೂ ಇದೇ ಹಿತ್ತಾಳೆ ತಂಬಿಗೆಗಳ ನಡುವೆ ಕೂತಿದ್ದೆನಲ್ಲ, ಹೇಗೆ ಮರೆತೆ.

ಏನವಾ ಶಿವಲೀಲಾ, ನಾ ಕಟಿಗಿ ಒಳಗ ನೂಕಿದಂಗ ನೀ ಹೊರಗ ಹಿರಿತಿ, ಮಗಳಿಗೆ ತಣ್ಣೀರ ಹಾಕಿ ಕಳಸಾಕಿ ಏನ? ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ, ನಗುತ್ತಾಳೆ, ಬಗ್ಗಿ ಮತ್ತೆ ಎರಡು ಕಟ್ಟಿಗೆ ಒಳಗೆ ತಳ್ಳುತ್ತಾಳೆ. ಅಲ್ಲಕ್ಕ, ಕುದ್ದ ಗಿದ್ದೀತು ಅಂತ. ಕುದೀಲಿ ಬಿಡ, ಬೆರಸಿ ಹಾಕಿದ್ರಾತು, ಬೀಗತಿ ನೋಡಿದ್ರ ನಗತಾಳ. ಬೀಗತಿ ನಗುವುದು ಬೇಡ. ಬೀಗತಿ ನಗದೆ ಸುಮ್ಮನಾಗುವುದು ಅದಕ್ಕಿಂತ ಬೇಡ. ಮೊದಲು ಹೆಣ್ಣು ನೋಡಲು ಬಂದ ಹಾನಗಲ್ಲಿನವರು ನಗಲೂ ಇಲ್ಲ, ಬೈಯಲೂ ಇಲ್ಲ, ಅವಲಕ್ಕಿಯ ತಾಟು ಅರ್ಧಕ್ಕೆ ಬಿಟ್ಟು, ಕೈ ತೊಳೆದು, ಬರ್ತೇವ್ರಿ ಅಂದರು, ಮೋಟಾರು ಹತ್ತಿದರು, ಮುಗಿಯಿತು. ಆಗ ರಂಜನಾ ಏನೂ ಹಚ್ಚಿರಲಿಲ್ಲ, ಆ ಎರಡು ಬೆರಳಗಲದ ಬಿಳಿ ಎಳೆ ಜಡೆಯುದ್ದಕ್ಕೂ ಹಾಗೇ ಕಾಣುತ್ತಿತ್ತು, ಸಣ್ಣವಳಿದ್ದಾಗ ಜ್ವರ ಬಂದು ಹೋದ ಮೇಲೆ ಬಂದದ್ದು, ರೋಗ ಅಲ್ಲರೀ, ಕೂದಲಕ್ಕ ಬಣ್ಣ ಬರೂದ ನಿಂತೈತಿ ಅಷ್ಟ, ಯಾರಿಗೂ ಹತ್ತೂದಲ್ಲ, ಅಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಅವಳಿಗೇನೂ ಅನಿಸುತ್ತಿರಲಿಲ್ಲ, ಕಾಲೇಜಿಗೆ ಹೋಗುವಾಗ ಬೇಕಂತಲೇ ಆ ಎಳೆಯನ್ನು ಮುಂದಕ್ಕೆ ತಂದು ಹೆಣೆಯುತ್ತಿದ್ದಳು, ಶಿಗ್ಗಾಂವಿಯ ಸೊಸೈಟಿಯಲ್ಲಿ ಕೌಂಟರಿಗೆ ಕೂತ ಮೇಲೂ ಹಾಗೇ, ಮುದುಕಿಯರು ಬಂದು ಬಿಳಿಜಡಿ ಮೇಡಮ್ಮನ ಕರೀರಿ ಅನ್ನುತ್ತಿದ್ದರಂತೆ, ಮನೆಗೆ ಬಂದು ಹೇಳಿ ನಗುತ್ತಿದ್ದಳು. ಹಾನಗಲ್ಲಿನವರು ಹೋದ ಮೇಲೆ ನಗುವುದು ಬಿಟ್ಟಳೋ, ನಾನು ಬಿಡಿಸಿದೆನೋ. ಮೊದಲು ಪಕ್ಕಾ ಬಣ್ಣವನ್ನೇ ಹಚ್ಚಿಸಿದ್ದು, ಬೆಳಗಾಗುವುದರೊಳಗೆ ಕಣ್ಣು ಮುಚ್ಚಿಹೋಗಿ ಮುಖ ಕುಂಬಳಕಾಯಿ ಆಯಿತು, ದವಾಖಾನೆಯಲ್ಲಿ ಸೂಜಿ ಚುಚ್ಚಿ ಹೇಳಿದರು, ಇನ್ನೊಮ್ಮೆ ಇದನ್ನ ಹಚ್ಚಿದ್ರ ಉಸಿರಿಗೆ ಬರತೈತಿ ನೋಡ್ರಿ. ಅದಕ್ಕೇ ಈ ಹೋಗುವ ಬಣ್ಣ. ನಾಲ್ಕು ಸಲ ತಲೆ ತೊಳೆದರೆ ಹೋಗುವ ಬಣ್ಣ. ಹೋದಾಗ ಮತ್ತೆ ಹಚ್ಚುವುದು, ಹಚ್ಚಿದ ಮೇಲೆ ಮತ್ತೆ ಹೋಗುವುದು.

ಮತ್ತೆ ಒಂದು ಹನಿ. ಕಲ್ಲಿನ ತಗ್ಗಿನಲ್ಲಿ ಕೂಡಿ ಕಾಸಿನಗಲ ಆಗಿದೆ, ಅಂಚಿನಲ್ಲಿ ತಿಳಿ, ನಡುವೆ ಕಪ್ಪು. ಮೊದಲ ವಾರ ಕೂದಲು ಹೀಗೇ ಕಪ್ಪಗೆ ಇರುತ್ತಿತ್ತು, ಆಮೇಲೆ ಕಂದು, ಆಮೇಲೆ ತುಕ್ಕು, ಆಮೇಲೆ ಉಳ್ಳಾಗಡ್ಡಿಯ ಸಿಪ್ಪೆಯ ಬಣ್ಣ, ಅದರ ಕೆಳಗಿನಿಂದ ಬಿಳಿ ಇಣುಕಲು ಶುರುವಾದರೆ ನಾನೇ ಮತ್ತೆ ಬ್ರಷ್ ಹಿಡಿಯುವುದು. ಮತ್ತು ಒಣಗುವುದು, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಬೆಣ್ಣೆಯ ಹಾಗಿದ್ದ ಕೂದಲು ಕೈಗೆ ತೆಂಗಿನ ನಾರು ಸಿಕ್ಕಂತೆ, ಬಾಚಿದರೆ ಚಟ್ ಚಟ್ ಅಂತ ಮುರಿಯುವುದು, ದಿಂಬಿನ ಮೇಲೆ, ತಾಟಿನ ಅಂಚಿನಲ್ಲಿ, ಸೊಸೈಟಿಯ ಕಂಪ್ಯೂಟರಿನ ಕೀಲಿಗಳ ಸಂದಿಯಲ್ಲಿ ತುಂಡು ತುಂಡು ಕೂದಲು. ಅವ್ವ, ನನ್ನ ಕೂದಲ ಸಾಯಾಕತ್ತಾವ. ಸಾಯೂದೇನು, ಸುಮ್ಮನಿರು, ಎಣ್ಣಿ ಹಚ್ಚತೇನಿ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿದೆ, ಮೆಂತ್ಯ ನೆನೆಹಾಕಿ ಮೊಸರಿನಲ್ಲಿ ರುಬ್ಬಿ ಹಚ್ಚಿದೆ, ದಾಸವಾಳದ ಎಲೆ ಅರೆದು ಲೋಳೆ ತೆಗೆದೆ, ಕೂದಲು ಸ್ವಲ್ಪ ಮೆತ್ತಗಾಯಿತು, ಬಣ್ಣ ಎಲ್ಲ ನನ್ನ ಅಂಗೈಗೆ ಬಂತು. ಯಾರ ಹೇಳಿದ್ರರೀ ನಿಮಗ ಎಣ್ಣಿ ಹಚ್ಚಂತ, ರಮೀಜ ತಲೆ ತಲೆ ಬಡಿದುಕೊಂಡಳು, ಎಣ್ಣಿ ಹಿಂದ ಬಣ್ಣ ಎದ್ದ ಬರತೈತ್ರಿ, ಮದಿವಿ ಮುಗಿಯೂತನ ಒಣಾ ಇರ್ಲಿ ಬಿಡ್ರಿ. ಹಾಗೆ ನೋಡಿದರೆ ದಾರಿ ಎರಡೇ, ಕೂದಲು ಉಳಿಯಬೇಕೆಂದರೆ ಬಣ್ಣ ಹೋಗಬೇಕು, ಬಣ್ಣ ಉಳಿಯಬೇಕೆಂದರೆ ಕೂದಲು ಸಾಯಬೇಕು, ನಾನು ಯಾವುದನ್ನು ಆರಿಸಿದೆ ಅಂತ ಅವಳು ಒಂದು ದಿನವೂ ಕೇಳಲಿಲ್ಲ, ಮೇಲಿನ ಕೋಣೆಯ ಕನ್ನಡಿಯ ಮುಂದೆ ಬೆನ್ನು ಹಾಕಿ ಕೂತು, ಹಚ್ಚು, ಅನ್ನುತ್ತಿದ್ದಳು, ಅಷ್ಟೇ.

ಅಡಿವೆವ್ವ ಅತ್ತಿಯೂ ಹೀಗೇ ಬೆನ್ನು ಹಾಕಿ ಕೂರುತ್ತಿದ್ದಳು. ನಮ್ಮಪ್ಪನ ತಂಗಿ, ಹತ್ತಿಮತ್ತೂರಿನ ನಮ್ಮ ಮನೆಯಲ್ಲಿ, ದನದ ಕೊಟ್ಟಿಗೆಗೆ ಹತ್ತಿಕೊಂಡ ಕೋಣೆಯಲ್ಲಿ, ಸೆರಗು ತಲೆಯ ಮೇಲಿಂದ ಎಂದೂ ಜಾರದ ಹಾಗೆ. ಹಿರೇಬೆಂಡಿಗೇರಿಗೆ ಕೊಟ್ಟಿದ್ದರು, ಅವಳಿಗೂ ಬೈತಲೆಯ ಬಲಕ್ಕೇ ಬಿಳಿ ಎಳೆ, ನಮ್ಮಜ್ಜಿ ದೀಪದ ಕಾಡಿಗೆಯನ್ನು ಔಡಲೆಣ್ಣೆಯಲ್ಲಿ ಕಲಸಿ ಹಚ್ಚಿ ಕಳಿಸಿದ್ದಳು, ಯುಗಾದಿ ಬರುವುದರೊಳಗೆ ಅವಳ ಅತ್ತೆ ಬಸ್ಸಿಳಿದು ನಡೆದುಕೊಂಡು ಬಂದು, ನಮ್ಮಜ್ಜ ಕೂತಿದ್ದ ಕಟ್ಟೆಯ ಮೇಲೆ ಒಂದು ದಿಂಬಿನ ಚೀಲ ಹಾಸಿದಳು, ನಡುವೆ ತಲೆಯ ಅಗಲಕ್ಕೆ ಕಪ್ಪು. ನಾನು ಕಂಬ ಹಿಡಿದು ನಿಂತಿದ್ದೆ, ಐದನೆಯ ಇಯತ್ತೆ ಇರಬೇಕು, ಆ ಕಪ್ಪಿನ ಅಂಚು ಇನ್ನೂ ಕಣ್ಣಲ್ಲಿದೆ. ಅಡಿವೆವ್ವ ಅತ್ತಿ ಹಿಂದಿನಿಂದ ಟ್ರಂಕು ಹೊತ್ತು ಬರುತ್ತಿದ್ದಳು. ಕೋಣೆ ಸೇರಿದವಳು ಹೆಣವಾಗಿಯೇ ಹೊರಬಂದಳು, ನಡುವೆ ಇದ್ದ ವರ್ಷಗಳಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ನಿಂದ ಭಾಳ ಚಲೋ ಕೂದಲವಾ, ಕಪ್ಪಂದ್ರ ಕಪ್ಪು, ಅನ್ನುತ್ತಿದ್ದಳು. ಈಗಲೂ ನನ್ನ ತಲೆಯಲ್ಲಿ ಒಂದು ಬಿಳಿ ಎಳೆ ಇಲ್ಲ. ನನ್ನನ್ನು ದಾಟಿ ನನ್ನ ಮಗಳಿಗೆ ಹೋಯಿತು. ಅದಕ್ಕೇ ಇವರು, ರಂಜನಾಳ ಅಪ್ಪ ಕರಿಬಸಪ್ಪನವರು, ಅದು ನಿಮ್ಮ ಕಡಿದು, ನೀನ ಮುಚ್ಚು, ಮದಿವಿ ಆಗೂತನ ಯಾರೂ ಉಸುರು ಬಿಡಬ್ಯಾಡ್ರಿ, ಆದಮ್ಯಾಲ ನಾ ಬೀಗರಿಗೆ ಹೇಳ್ಕೋತೇನಿ, ಅಂದರು. ಆದ ಮೇಲೆ ಹೇಳುವುದು. ನಮ್ಮಜ್ಜನೂ ಆದ ಮೇಲೆ ಹೇಳುವವನೇ ಇದ್ದ.

ಬೀಗತಿ ವೀರವ್ವ, ರುದ್ರೇಶನ ತಾಯಿ, ಕೆಟ್ಟವಳಾಗಿದ್ದರೆ ಸುಲಭ ಇತ್ತು. ನಿಶ್ಚಯದ ದಿನ ಉಡಿ ತುಂಬಿ ರಂಜನಾಳ ತಲೆ ಸವರಿದವಳು, ಕೈ ಹಾಗೇ ನಿಲ್ಲಿಸಿ, ಇದ್ಯಾಕವಾ ಇಷ್ಟ ಒಣಾ ಒಣಾ ಆಗ್ಯಾವ, ಯಾರೂ ಎಣ್ಣಿ ಹಚ್ಚೂದಿಲ್ಲೇನ ನಿನಗ, ನಮ್ಮನಿಗೆ ಬಾ, ನಾ ಹಚ್ಚತೇನಿ ನೋಡು, ಅಂದಳು, ನನ್ನ ಕಡೆ ತಿರುಗಿ, ಬೀಗತ್ಯಾರ, ಸುರಗಿಯೊಳಗ ನಿಮ್ಮೆಣ್ಣಿ ಬ್ಯಾಡ, ನಾ ಮನ್ಯಾಗ ಕಾಸಿದ್ದ ತರ್ತೇನಿ, ನನ್ನ ಸೊಸಿ ತಲಿ ನಾನ ತಿಕ್ಕಾಕಿ, ಅಂದಳು, ಆವಾಗಲೇ ನನಗೆ ಸುರಗಿ ನೆನಪಾದದ್ದು, ನಕ್ಕೆ. ಅವತ್ತೇ ರಂಜನಾ, ಅವ್ವ, ನಾ ಹೇಳಿಬಿಡ್ತೇನಿ ಅವರಿಗೆ. ಹುಚ್ಚಿ ಏನ. ರುದ್ರೇಶಗರ ಹೇಳ್ತೇನಿ. ಫೋನ ಇಲ್ಲಿ ಕೊಡು. ಇವತ್ತ ನೀ ಹಚ್ತಿ, ಅಲ್ಲಿ ಹಿರೇಕೆರೂರಾಗ ಯಾರ ಹಚ್ಚವರು, ಜೀವ ಇರೂತನ ಬಾಗಲಾ ಹಾಕ್ಕೊಂಡು ಕುಂದರ್ಲೇನ? ನಾನು ಅವಳ ಕೈ ಹಿಡಿದು ಎಳೆದು ನನ್ನ ತಲೆಯ ಮೇಲೆ ಇಟ್ಟುಕೊಂಡೆ, ಈ ಕಪ್ಪು ತಲೆಯ ಮೇಲೆ, ನನ್ನ ಆಣಿ ಮಾಡು, ತಾಳಿ ಬೀಳೂತನ ಒಂದ ಮಾತ ಆಡೂದಿಲ್ಲ ಅನ್ನು, ಆಡಿದ್ರ ನಾ ಇರೂದಿಲ್ಲ. ಬಹಳ ಹೊತ್ತು ಅವಳ ಕೈ ನನ್ನ ತಲೆಯ ಮೇಲೆ ಇತ್ತು, ತಣ್ಣಗೆ, ಭಾರ. ಆತವ್ವ, ಒಂದ ಮಾತ ಆಡೂದಿಲ್ಲ. ಅವಳು ಆಡಿದ ಮಾತಿಗೆ ತಪ್ಪುವವಳಲ್ಲ, ಆ ಧೈರ್ಯದ ಮೇಲೆಯೇ ಇವತ್ತಿನ ತನಕ ಬಂದದ್ದು, ನಿನ್ನೆ ಸಂಜೆ ಗಟ್ಟಿಯಾಗಿ ಎರಡು ಸಲ ಹಚ್ಚಿ, ನನ್ನ ಹಳೆಯ ಕಪ್ಪು ಲಂಗದಲ್ಲೇ ಒತ್ತಿ ಒರೆಸಿದೆ, ಒಂದು ಕಲೆಯೂ ಎಲ್ಲಿಯೂ ಬೀಳಬಾರದು ಅಂತ, ಲಂಗವನ್ನು ಟ್ರಂಕಿನ ತಳಕ್ಕೆ ತುರುಕಿ ಬೀಗ ಹಾಕಿದೆ. ಟವೆಲ್ಲು ಮುಟ್ಟಲೇ ಇಲ್ಲ.

ಟವೆಲ್ಲು ನಾನು ಮುಟ್ಟಲಿಲ್ಲ.

ನೂಲು ಸುತ್ತಾಕತ್ತಾರ, ಬರ್ರಿ ಬರ್ರಿ, ಯಾರೋ ಕರೆಯುತ್ತಾರೆ, ಹಂಡೆಯ ಮುಚ್ಚಳ ಎದ್ದೆದ್ದು ಬೀಳುತ್ತಿದೆ, ನೆಗೆಣ್ಣಿ ಬಕೆಟ್ಟಿಗೆ ಬಿಸಿನೀರು ತೋಡುತ್ತಾಳೆ, ಉಗಿ ಎದ್ದು ಅವಳ ಮುಖ ಕಾಣುವುದಿಲ್ಲ, ತಣ್ಣೀರು ಬೆರೆಸಕ್ಕ, ಬೆರಸೇನಿ ತಡಿ, ನಿನ್ನ ಮಗಳೇನ ಬೆಣ್ಣಿ ಅಲ್ಲ ಕರಗಾಕ. ಹಗ್ಗದ ಮೇಲಿನ ಟವೆಲ್ಲಿಗೆ ಹಸಿರು ಅಂಚು ಇದೆ. ಹಸಿರು ಅಂಚಿನದು ಸೊಸೈಟಿಯವರು ದೀಪಾವಳಿಗೆ ಕೊಟ್ಟದ್ದು, ಮನೆಯಲ್ಲಿ ಅದನ್ನು ಅವಳೊಬ್ಬಳೇ ಬಳಸುವುದು. ಬೆಳಗಿನ ಜಾವ ಬಚ್ಚಲಲ್ಲಿ ನೀರಿನ ಸಪ್ಪಳ ಕೇಳಿತ್ತು, ಬೀಗರ ಪೈಕಿ ಯಾರೋ ಸ್ನಾನಕ್ಕೆ ಎದ್ದರು ಅಂದುಕೊಂಡು ಮಗ್ಗುಲು ಬದಲಿಸಿದ್ದೆ, ಬಹಳ ಹೊತ್ತು, ತಂಬಿಗೆಯ ಮೇಲೆ ತಂಬಿಗೆ. ಅಗೋ ಬಂದಳು, ಹಳದಿ ಸೀರೆ, ಸೆರಗು ತಲೆಯ ಮೇಲೆ, ಹಣೆಯ ತನಕ ಎಳೆದುಕೊಂಡಿದ್ದಾಳೆ, ಹುಡುಗಿಯರು ಏನೋ ಅಂದು ಕಾಡುತ್ತಾರೆ, ಅವಳು ನಗುತ್ತಿದ್ದಾಳೆ, ಹಾನಗಲ್ಲಿನವರು ಬಂದುಹೋದ ಮೇಲೆ ಈ ನಗು ನಾನು ನೋಡಿರಲಿಲ್ಲ, ನನ್ನ ಕಾಲು ತಾನೇ ಓಡುತ್ತದೆ, ಅವಳ ತಲೆ ಮುಟ್ಟುತ್ತೇನೆ, ಸೆರಗಿನ ಮೇಲಿಂದಲೇ, ಒದ್ದೆ, ತಣ್ಣಗೆ, ಮೆತ್ತಗೆ. ತಲಿ ಯಾಕ ಹಸಿ ಐತಿ? ನನ್ನ ಕಿವಿಗೆ ಬಾಯಿ ಹಚ್ಚಿ, ಯಾರಿಗೂ ಕೇಳದ ಹಾಗೆ, ನಾ ಒಂದ ಮಾತೂ ಆಡಿಲ್ಲವ್ವ.

ಕೂತಾಯಿತು. ನೂಲಿನೊಳಗೆ ಎರಡು ಮಣೆ, ರುದ್ರೇಶ ಗೆಳೆಯರ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದಾನೆ, ವೀರವ್ವ ಸ್ಟೀಲಿನ ಗಿಂಡಿ ಬಗ್ಗಿಸಿ ಅಂಗೈಯಲ್ಲಿ ಎಣ್ಣೆ ಹಿಡಿದಿದ್ದಾಳೆ, ತಡೀರಿ ಬೀಗತ್ಯಾರ, ನೆಗಡಿ ಆಗೇತಿ ಅಕಿಗೆ, ಎರಡ ಹನಿ ಹಾಕಿ ಬಿಡ್ರಿ ಸಾಕು — ಇದು ನನ್ನದೇ ದನಿ, ಯಾರೂ ಕೇಳಿಸಿಕೊಳ್ಳುವುದಿಲ್ಲ, ನೆಗಡಿಗೆ ಎಣ್ಣಿನ ಔಷಧರೀ, ಹೆಂಗಸರೆಲ್ಲ ನಗುತ್ತಾರೆ, ವೀರವ್ವ ಎಡಗೈಯಿಂದ ಸೆರಗು ಹಿಂದಕ್ಕೆ ಸರಿಸುತ್ತಾಳೆ, ಬಿಚ್ಚಿದ ಕೂದಲು, ಬೈತಲೆಯ ಬಲಕ್ಕೆ ಬುಡದಿಂದ ತುದಿಯ ತನಕ ಬಿಳಿ, ತೊಳೆದ ಬಿಳಿ, ಬಿಸಿಲಿಗೆ ಹೊಳೆಯುವ ಬಿಳಿ, ನಗು ಒಬ್ಬೊಬ್ಬರ ಬಾಯಿಯಲ್ಲಿ ನಿಲ್ಲುತ್ತ ಬರುತ್ತದೆ, ಕೊನೆಗೆ ನೆಗೆಣ್ಣಿಯದೂ, ರುದ್ರೇಶ ಇನ್ನೂ ಗೆಳೆಯರ ಕಡೆಯೇ ನೋಡುತ್ತಿದ್ದಾನೆ, ವೀರವ್ವನ ಕೈ ನನ್ನ ಮಗಳ ತಲೆಯ ಮೇಲೆ ಗೇಣು ಎತ್ತರಕ್ಕೆ ನಿಂತಿದೆ, ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿದೆ, ಇಳಿಸು, ಕೈ ಇಳಿಸು ತಾಯಿ, ಇಲ್ಲ ಎತ್ತಿಬಿಡು, ಯಾವುದಾದರೂ ಒಂದು ಮಾಡು, ಆ ಮುಖ ನೋಡಲಾರೆ, ಮಗಳ ಮುಖವನ್ನೂ, ಕಟ್ಟೆಯ ಮೇಲೆ ಹಾಸಿದ ದಿಂಬಿನ ಚೀಲ, ಇಲ್ಲ, ಟವೆಲ್ಲು, ಹಸಿರು ಅಂಚು, ತುದಿಯಲ್ಲಿ ಕೂಡಿಕೊಳ್ಳುತ್ತಿದೆ, ಕಂದು, ದಪ್ಪಗಾಗುತ್ತಿದೆ, ಬೀಳುತ್ತಿಲ್ಲ, ಕಂದು ಹನಿ, ಬೀಳುತ್ತಿಲ್ಲ, ಹನಿ