ಬೆಕ್ಕುಗಳ ವಕೀಲೆ

ರಯ್ಯಾ ಒಳ್ಳೆಯ ಹುಡುಗಿ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಆಮೇಲೆ ಹೇಳಬೇಕೆಂದರೂ ನನ್ನ ಬಾಯಿಂದ ಬರಲಿಕ್ಕಿಲ್ಲ. ಒಳ್ಳೆಯವಳಾಗಿರುವುದೇ ಅವಳ ಮೇಲೆ ನನಗಿರುವ ದೊಡ್ಡ ಸಿಟ್ಟು. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಬೈದು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ.

ಒಮಾನಿನ ಸಲಾಲಾ ಪೇಟೆಯಿಂದ ಬಾಳೆತೋಟಗಳ ಕಡೆಗೆ ಹೋಗುವ ರಸ್ತೆಯಲ್ಲಿ ಡಾಕ್ಟರ್ ಮುಸಲ್ಲಮ್ ಅವರ ಪ್ರಾಣಿ ಆಸ್ಪತ್ರೆ ಇದೆ. ನಾನು ತುಫೂಲ್, ಅಲ್ಲಿನ ಹಿರಿಯ ನರ್ಸು. ಬಾಗಿಲು ದಾಟಿ ಒಳಗೆ ಬಂದರೆ ಎದುರು ಗೋಡೆಯ ಮೇಲೆಯೇ ನಮ್ಮ ಮಾನ್ಯತೆ ಪತ್ರ ಕಾಣುತ್ತದೆ: ಬೆಕ್ಕು ಸ್ನೇಹಿ ಆಸ್ಪತ್ರೆ, ಬೆಳ್ಳಿ ದರ್ಜೆ. ಈ ಮಾನ್ಯತೆ ಕೊಡುವ ಸಂಸ್ಥೆಯವರದೊಂದು ನಿಯಮವಿದೆ. ಬೆಕ್ಕುಗಳ ಪರವಾಗಿ ಮಾತಾಡಲು ಪ್ರತಿ ಆಸ್ಪತ್ರೆಯೂ ಒಬ್ಬರನ್ನು ಹೆಸರಿಸಬೇಕು. ನಾಯಿಗೆ ನೋವಾದರೆ ಊರಿಗೆಲ್ಲ ಕೇಳುವಂತೆ ಅರಚುತ್ತದೆ. ಬೆಕ್ಕು ಹಾಗಲ್ಲ, ಹೆದರಿದರೆ ಮೂಲೆ ಹಿಡಿದು ಕೂರುತ್ತದೆ, ಸಾಯುತ್ತಿದ್ದರೂ ಬಾಯಿ ಬಿಡುವುದಿಲ್ಲ. ಅದಕ್ಕೇ ಡಾಕ್ಟರಾಗಲಿ, ಗಿರಾಕಿಯಾಗಲಿ, ಯಾರಿಗೇ ಆದರೂ ‘ನಿಲ್ಲಿ, ಹಾಗೆ ಮಾಡಬೇಡಿ’ ಎನ್ನುವ ಒಬ್ಬರು ಬೇಕು. ನಾವು ಅವರನ್ನು ಬೆಕ್ಕುಗಳ ವಕೀಲೆ ಎನ್ನುತ್ತೇವೆ. ಗೋಡೆಯ ಮೇಲಿನ ಆ ಪತ್ರದ ಕೆಳಗೆ ನನ್ನ ಹೆಸರಿತ್ತು.

ಬೆಳ್ಳಿ ಸುಮ್ಮನೆ ಬಂದದ್ದಲ್ಲ. ನಾಯಿಗಳಿಗೂ ಬೆಕ್ಕುಗಳಿಗೂ ಒಂದಕ್ಕೊಂದು ಕಾಣದ ಹಾಗೆ ಬೇರೆ ಬೇರೆ ಜಾಗ ಮಾಡಿಸಿದವಳು ನಾನು. ಬೆಕ್ಕಿನ ಬುಟ್ಟಿಯನ್ನು ನೆಲಕ್ಕಿಡಬೇಡಿ, ಹಲಗೆಯ ಮೇಲಿಡಿ, ಟವೆಲ್ ಹೊದಿಸಿ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಹರಿದುಕೊಂಡವಳು ನಾನು. ಹೆದರಿದ ಬೆಕ್ಕೊಂದನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಲು ಡಾಕ್ಟರು ಹೋದಾಗ ಅವರ ಕೈಯನ್ನೇ ಹಿಡಿದು ನಿಲ್ಲಿಸಿದ್ದೆ. “ನಿನ್ನ ಕಾಟ ಸಾಕಮ್ಮಾ ತಾಯಿ” ಎಂದು ನಕ್ಕಿದ್ದರು. ಆಮೇಲೆ ಯಾವ ಬೆಕ್ಕನ್ನೂ ಹಾಗೆ ಎತ್ತಲಿಲ್ಲ.

ಮಾನ್ಯತೆಯ ಅವಧಿ ಈ ಚಳಿಗಾಲಕ್ಕೆ ಮುಗಿಯುತ್ತಿತ್ತು. ಹೇಗೂ ನವೀಕರಿಸಬೇಕು, ಈ ಸಲ ಚಿನ್ನಕ್ಕೇ ಅರ್ಜಿ ಹಾಕೋಣ ಎಂದರು ಡಾಕ್ಟರು. ಬೆಳ್ಳಿಗೆ ಫೋಟೊ, ಕಾಗದ ಕಳಿಸಿದರೆ ಸಾಕು. ಚಿನ್ನ ಬೇಕೆಂದರೆ ಪರಿವೀಕ್ಷಕರು ಖುದ್ದಾಗಿ ಬಂದು ನೋಡುತ್ತಾರೆ. ಇನ್ನೊಬ್ಬ ಡಾಕ್ಟರೂ ಇರಬೇಕೆಂದು ನಿಜ್ವಾ ಊರಿನ ರಯ್ಯಾಳನ್ನು ಕರೆಸಿಕೊಂಡರು. ಅಮ್ಮಾನ್ ನಗರದಲ್ಲಿ ಓದಿ ಬಂದವಳು, ಬೆಕ್ಕಿನ ಕಾಯಿಲೆಗಳಲ್ಲೇ ವಿಶೇಷ ತರಬೇತಿ.

ಬಂದ ವಾರದಲ್ಲೇ ಗಿರಾಕಿಗಳು “ಚಿಕ್ಕ ಡಾಕ್ಟರಮ್ಮ ಇದಾರಾ?” ಎಂದು ಕೇಳತೊಡಗಿದರು. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಮಿಶ್‌ಮಿಶ್! ಮೀನುಗಾರರ ಮನೆಯ ಕೆಂಚು ಬೆಕ್ಕು ಅದು, ಆಸ್ತಮಾ ರೋಗಿ. ಅದರ ಮೂತಿಗೆ ಔಷಧದ ಕೊಳವೆ ಹಿಡಿದು ನಾನು ಎಷ್ಟು ಮಧ್ಯಾಹ್ನ ಕೂತಿಲ್ಲ? ನನ್ನನ್ನು ಕಂಡರೆ ಇವತ್ತಿಗೂ ಉಗುರು ತೋರಿಸುತ್ತದೆ. ರಯ್ಯಾಳ ತೊಡೆಯ ಮೇಲೆ ಮೊದಲ ದಿನವೇ ನಾದಿದ ಹಿಟ್ಟಿನ ಹಾಗೆ ಬಿದ್ದುಕೊಂಡು ಗುರುಗುಟ್ಟಿತು. ನಾಚಿಕೆಗೆಟ್ಟ ಪ್ರಾಣಿ.

ಅವಳ ಒಂದೊಂದು ರೀತಿಯೂ ನನಗೆ ಮೈ ಉರಿಸುತ್ತಿತ್ತು. ಬೆಳಿಗ್ಗೆ ಬಂದವಳೇ ಮೇಲೆ ತೊಟ್ಟ ಕಪ್ಪು ಅಬಾಯಾ ಕಳಚಿ ಚೀಲದಲ್ಲಿ ಗಂಟು ಕಟ್ಟಿಟ್ಟು, ಆಸ್ಪತ್ರೆಯಲ್ಲೇ ಒಗೆದಿಟ್ಟ ಬಟ್ಟೆ ಹಾಕಿಕೊಳ್ಳುತ್ತಿದ್ದಳು.

“ಯಾಕೆ ಡಾಕ್ಟ್ರಮ್ಮಾ, ನಮ್ಮೂರಿನ ಗಾಳಿ ಅಷ್ಟೊಂದು ಹೊಲಸಾ?” ಎಂದು ಒಮ್ಮೆ ಚುಚ್ಚಿದೆ.

“ಅಯ್ಯೋ, ಹಾಗಲ್ಲಕ್ಕಾ. ಮನೇಲಿ ಹಾಕಿದ ಲೋಬಾನದ ಹೊಗೆ ಬಟ್ಟೇಲಿ ಕೂತಿರುತ್ತಲ್ಲ, ಬೆಕ್ಕುಗಳಿಗೆ ಆಗಲ್ಲ. ನೀವೂ ಒಂದು ಜೊತೆ ಬಟ್ಟೆ ಇಲ್ಲೇ ಇಟ್ಟುಕೊಂಡ್ರೆ...”

“ನಾನು ಲೋಬಾನದ ಹೊಗೇಲೇ ಹುಟ್ಟಿದೋಳು ಕಣಮ್ಮಾ. ಇಲ್ಲಿನ ಬೆಕ್ಕುಗಳೂ ಅಷ್ಟೇ.”

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂದು ಗೊಣಗಿಕೊಂಡು ನನ್ನ ಕೆಲಸಕ್ಕೆ ಹೋದೆ. ಬೇರೆ ಯಾರು ಹೇಳಿದ್ದರೂ ಕೇಳುತ್ತಿದ್ದೆನೋ ಏನೋ. ಅವಳು ಹೇಳಿದ್ದು ನನ್ನ ಕಿವಿಯೊಳಗೆ ಹೋಗುತ್ತಲೇ ಇರಲಿಲ್ಲ.

ಆಮೇಲೊಂದು ದಿನ ಡಾಕ್ಟರು ನನ್ನನ್ನು ಕೋಣೆಗೆ ಕರೆದರು.

“ತುಫೂಲ್, ನಿಯಮಗಳು ಬದಲಾಗಿವೆ. ವಕೀಲೆ ಆಗೋರು ಹೊಸ ತರಬೇತಿ ಮುಗಿಸಿರಬೇಕಂತೆ. ರಯ್ಯಾ ಮುಗಿಸಿದಾಳೆ.”

“ನಾನೂ ಮುಗಿಸ್ತೀನಿ. ಅದೇನು ಮಹಾ?”

“ಮುಗಿಸು, ಬೇಡ ಅಂದೋರ್ಯಾರು? ಆದ್ರೆ ಹೆಸರು ಹಾಕೋದು ಒಬ್ಬರದೇ ಅಲ್ವಾ...” ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಪರಿವೀಕ್ಷಕರು ಬಂದ ದಿನ ನೋಡೋಣ ಬಿಡು. ವಕೀಲೆ ಯಾರು ಅಂತ ಅವರೇ ಕೇಳಿ ಬರ್ಕೊಳ್ತಾರೆ.”

ನೋಡೋಣ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? ಗಂಡು ಗೊತ್ತುಮಾಡಿಕೊಂಡು ಬಂದು ಮಗಳ ಒಪ್ಪಿಗೆ ಕೇಳುವ ಮಾತದು. ಹಟ ಹಿಡಿದು ತರಬೇತಿ ಮುಗಿಸಿದೆ, ಪಾಸೂ ಆದೆ. ರಯ್ಯಾ ಹಲ್ವಾ ತಂದು ಎಲ್ಲರಿಗೂ ಹಂಚಿದಳು. ನನ್ನ ಪಾಸಿಗೆ ಅವಳು ಸಿಹಿ ಹಂಚುವುದು! ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಆ ಹೆಸರು ನನ್ನದು, ನನ್ನ ಜೀವ ಹೋದರೂ ಅವಳಿಗೆ ಬಿಟ್ಟುಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಡಾಕ್ಟರ ತಾಯಿ ಬಖೀತಾ ಅಮ್ಮ ಇದ್ದಾರೆ. ಕಟ್ಟಡವೂ ಅವರದು, ಕೊನೆಯ ಮಾತೂ ಅವರದು. ಮನೆಗೆ ಬಂದವರಿಗೆ ಲೋಬಾನದ ಹೊಗೆ ಕೊಡದೆ ಕಳಿಸಿದರೆ ನೀರೂ ಕೊಡದೆ ಕಳಿಸಿದ ಹಾಗೆ ಅವರಿಗೆ. ಮೊದಲೆಲ್ಲ ದೊಡ್ಡ ಮನುಷ್ಯರು ಯಾರು ಬಂದರೂ ಕೆಂಡದ ಧೂಪಪಾತ್ರೆ ಹಿಡಿದು ಆಸ್ಪತ್ರೆಯೊಳಗೇ ಇಳಿದುಬರುತ್ತಿದ್ದರು. ಬೆಕ್ಕುಗಳಿಗೆ ಹೊಗೆ ಆಗದೆಂದು ಮಗನೇ ಹೇಳಿದರೂ ಕೇಳಲಿಲ್ಲ. ಉಪಾಯ ಮಾಡಿದವಳು ನಾನು. “ಅಮ್ಮಾ, ಅತಿಥೀನ ಔಷಧಿ ಬಾಟ್ಲಿಗಳ ಮಧ್ಯೆ ನಿಲ್ಲಿಸಿ ಮರ್ಯಾದೆ ಮಾಡ್ತಾರಾ? ಮೊದಲು ನಿಮ್ಮ ಹತ್ರಾನೇ ಕರ್ಕೊಂಡು ಬರ್ತೀನಿ” ಎಂದೆ. ಅವತ್ತಿನಿಂದ ಕಾಫಿ, ಖರ್ಜೂರ, ಹೊಗೆ ಎಲ್ಲ ಮೇಲೆಯೇ ಮುಗಿಯುತ್ತದೆ. ಧೂಪಪಾತ್ರೆ ಮತ್ತೆ ಕೆಳಗಿಳಿದಿಲ್ಲ. ಈ ಒಂದು ಜಾಣತನಕ್ಕೆ ನನಗೆ ಒಳಗೊಳಗೇ ತುಂಬ ಹೆಮ್ಮೆ.

ಪರಿವೀಕ್ಷಣೆಯ ಬೆಳಿಗ್ಗೆ ರಯ್ಯಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಕ್ಕಾ, ಅವರನ್ನ ಮೊದಲು ಬೆಕ್ಕಿನ ವಾರ್ಡಿಗೆ ಕರ್ಕೊಂಡು ಬನ್ನಿ. ಮೇಲಕ್ಕೆ ಆಮೇಲೆ ಹೋಗಲಿ. ಮಿಶ್‌ಮಿಶ್ ನಿನ್ನೆಯಿಂದ ವಾರ್ಡಲ್ಲಿದೆ, ಉಸಿರಿಗೆ ಒದ್ದಾಡ್ತಿದೆ, ಅದಕ್ಕೇ ಹೇಳಿದೆ.”

“ಬಾಗಿಲಿಗೆ ಬಂದೋರಿಗೆ ಕಾಫಿ ಕೊಡದೆ ದುಡಿಸಿಕೊಳ್ಳೋದು ನಿಮ್ಮ ನಿಜ್ವಾದ ಪದ್ಧತಿಯೇನೋ. ನಮ್ಮಲ್ಲಿ ಹಾಗಿಲ್ಲ.”

ಅವಳ ಮುಖ ಕೆಂಪಾಯಿತು. ನಿಜ್ವಾದವರ ಆತಿಥ್ಯ ಇಡೀ ಒಮಾನಿಗೇ ಗೊತ್ತು, ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು. ತಿರುಗಿ ವಾರ್ಡಿನೊಳಗೆ ಹೋದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಪರಿವೀಕ್ಷಕಿ ಡಾಕ್ಟರ್ ಗನೀಮಾ ಮಸ್ಕತ್‌ನಿಂದ ಬಂದಿಳಿದರು. ಗಂಭೀರ ಹೆಂಗಸು, ಮಾತು ಕಮ್ಮಿ. ನೇರ ಮೇಲಕ್ಕೆ ಕರೆದೊಯ್ದೆ. ಬಖೀತಾ ಅಮ್ಮ ಅವತ್ತಿಗೆಂದೇ ಎತ್ತಿಟ್ಟಿದ್ದ ಹಸಿರು ಛಾಯೆಯ ಲೋಬಾನವನ್ನು ಕೆಂಡಕ್ಕೆ ಹಾಕಿದರು. ಗನೀಮಾ ಒಂದು ಗಳಿಗೆ ಹಿಂಜರಿದರು.

“ಅಮ್ಮಾ, ನಾನು ಕೆಲಸದ ಮೇಲೆ ಬಂದೋಳು...”

“ಕೆಲಸ ಎಲ್ಲಿಗೆ ಓಡಿಹೋಗುತ್ತೆ ಮಗಳೇ? ನಿಂತ್ಕೋ ಹೀಗೆ. ನನ್ನ ಮನೆಯಿಂದ ಹೊಗೆಯ ಘಮ ಇಲ್ಲದೆ ಇಳಿದು ಹೋಗ್ತೀಯಾ?”

ಹಿರಿಯಳ ಕೈಯಿಂದ ಬಂದ ಹೊಗೆಯನ್ನು ಬೇಡ ಎಂದವರು ನಮ್ಮ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಗನೀಮಾ ಎದ್ದು ನಿಂತರು. ಬಖೀತಾ ಅಮ್ಮ ಅವರ ಅಬಾಯಾದ ಅಂಚನ್ನು ಧೂಪಪಾತ್ರೆಯ ಮೇಲೆ ಹರಡಿ ಹಿಡಿದು ಒಳಗೆಲ್ಲ ಹೊಗೆ ತುಂಬಿಸಿದರು. ತೋಳಿಗೆ, ತಲೆವಸ್ತ್ರಕ್ಕೆ, ಕೊನೆಗೆ ನನಗೂ. ಎಲ್ಲ ಇಲ್ಲೇ ಮುಗಿಯಿತು, ಇನ್ನು ಕೆಳಗೆ ಭಯವಿಲ್ಲ ಎಂದುಕೊಂಡೆ.

ಕೆಳಗೆ ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಗನೀಮಾ ಕೇಳಿದ್ದಕ್ಕೆಲ್ಲ ನಾನೇ ಮುಂದಾಗಿ ಉತ್ತರ ಕೊಟ್ಟೆ. ಹಲಗೆಗಳನ್ನು ನೋಡಿ ತಲೆದೂಗಿದರು, ನೋವನ್ನು ಅಳೆಯುವ ನಮ್ಮ ಪಟ್ಟಿಯನ್ನು ನೋಡಿ “ಚೆನ್ನಾಗಿದೆ” ಎಂದರು. ಡಾಕ್ಟರ ಮುಖದ ತುಂಬ ನಗು. ಉಳಿದದ್ದು ಬೆಕ್ಕಿನ ವಾರ್ಡು ಮಾತ್ರ. ನಾನೇ ಹಿಡಿ ತಿರುಗಿಸಿ ಬಾಗಿಲು ತೆರೆದೆ, “ಬನ್ನಿ ಡಾಕ್ಟರಮ್ಮಾ” ಎಂದು ಪಕ್ಕಕ್ಕೆ ಸರಿದೆ.

ಒಳಗೆ ಮಿಶ್‌ಮಿಶ್ ಕೆಮ್ಮಿತು. ಕುತ್ತಿಗೆ ಚಾಚಿ, ಹೊಟ್ಟೆ ನೆಲಕ್ಕೊತ್ತಿ, ಒಂದರ ಹಿಂದೊಂದು ಕೆಮ್ಮು. ಅದರ ಪಕ್ಕ ಕೂತಿದ್ದ ರಯ್ಯಾ ತಲೆಯೆತ್ತಿ ನಮ್ಮನ್ನು ನೋಡಿದವಳೇ ಛಂಗನೆ ಹೊರಗೆ ಬಂದು ಬಾಗಿಲು ಎಳೆದುಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಕ್ಷಮಿಸಿ ಡಾಕ್ಟರ್. ನೀವು ಒಳಗೆ ಬರೋ ಹಾಗಿಲ್ಲ.”

“ರಯ್ಯಾ!” ಡಾಕ್ಟರ ನಗು ಮಾಯವಾಯಿತು. “ಇವರು ಪರಿವೀಕ್ಷಕರು ಕಣಮ್ಮಾ!”

“ಗೊತ್ತು ಸರ್. ಒಳಗೆ ಆಸ್ತಮಾ ಬೆಕ್ಕಿದೆ. ಇವರ ಬಟ್ಟೆ ತುಂಬ ಹೊಗೆ. ಬಟ್ಟೆ ಬದಲಾಯಿಸಿಕೊಂಡು ಬರಲಿ, ಇಲ್ಲಾಂದ್ರೆ ಕಿಟಕಿಯಿಂದ ನೋಡಲಿ.”

“ಅತಿಥಿಗಳಿಗೆ ಆಡೋ ಮಾತಾ ಇದು? ನಮಗೆ ಚಿನ್ನ ಬೇಡವಾ?”

“ಬೇಕು ಸರ್,” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಬಾಗಿಲು ಬಿಟ್ಟು ಅಲುಗಲಿಲ್ಲ.

ನಾನು ನನ್ನ ತೋಳನ್ನು ಮೂಗಿಗೆ ಹಿಡಿದು ನೋಡಿಕೊಂಡೆ. ನನಗೆ ಏನೂ ವಾಸನೆ ಬರಲಿಲ್ಲ. ಇಷ್ಟು ವರ್ಷ ಧೂಪಪಾತ್ರೆಯನ್ನು ಮೇಲೆ ನಿಲ್ಲಿಸಿ, ಹೊಗೆಯನ್ನು ಮನುಷ್ಯರ ಮೈಮೇಲೆ ಹೊರಿಸಿ ನಾನೇ ಕೆಳಗೆ ಕರೆತಂದಿದ್ದೆ. ಅದು ಆಗ ಹೊಳೆಯಿತು. ಆದರೆ ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚು ಸುಟ್ಟದ್ದು ಹೊಟ್ಟೆಕಿಚ್ಚು. ‘ನಿಲ್ಲಿ, ಹಾಗೆ ಮಾಡಬೇಡಿ’ ಎನ್ನುವುದು ನನ್ನ ಮಾತು. ಡಾಕ್ಟರ ಕೈ ಹಿಡಿದು ನಿಲ್ಲಿಸಿದವಳು ನಾನು. ಅದನ್ನು ನನ್ನೆದುರೇ ಇವಳು ಆಡಿಬಿಟ್ಟಳು.

ಗನೀಮಾ ಪೆನ್ನು ತೆಗೆದರು. “ಈ ಆಸ್ಪತ್ರೇಲಿ ಬೆಕ್ಕುಗಳ ವಕೀಲೆ ಯಾರು?”

ಡಾಕ್ಟರು ನೆಲ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ರಯ್ಯಾ ಹೇಳಿದಳು: “ಇವರೇ, ತುಫೂಲಕ್ಕ. ಗೋಡೆ ಮೇಲೆ ಹೆಸರಿದೆಯಲ್ಲ. ಹೊಸ ತರಬೇತೀನೂ ಮುಗಿಸಿದಾರೆ. ಇಲ್ಲಿ ನೀವು ಏನೇನು ನೋಡಿದ್ರೋ ಅದೆಲ್ಲ ಇವರು ಮಾಡಿದ್ದು. ನಾನು ಮೊನ್ನೆ ಮೊನ್ನೆ ಬಂದೋಳು.”

ನಾಟಕವಿಲ್ಲ, ವ್ಯಂಗ್ಯವಿಲ್ಲ. ಬೆಳಿಗ್ಗೆಯಷ್ಟೇ ನನ್ನಿಂದ ಅಂಥ ಮಾತು ಕೇಳಿಸಿಕೊಂಡವಳು ಮನಸಾರೆ ಹೇಳುತ್ತಿದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು. ತಲೆಯಾಡಿಸಿದ್ದರೆ ಸಾಕಿತ್ತು, ನನ್ನ ಹೆಸರು ನನ್ನದೇ ಆಗಿ ಉಳಿಯುತ್ತಿತ್ತು.

ಅಯ್ಯೋ ದೇವರೇ, ಎಂಥ ಸಂಕಟ! ಕಿತ್ತುಕೊಂಡಿದ್ದರೆ ಜುಟ್ಟು ಹಿಡಿದು ಜಗಳವಾಡಿ ವಾಪಸು ಪಡೆಯುತ್ತಿದ್ದೆ. ಇವಳು ದಾನ ಕೊಡುತ್ತಿದ್ದಾಳೆ! ಇವಳ ಕೈಯಿಂದ ಭಿಕ್ಷೆ ತೆಗೆದುಕೊಂಡು ದಿನವೂ ಆ ಗೋಡೆಯ ಕೆಳಗೆ ಓಡಾಡಬೇಕೇ ನಾನು?

“ನಾನಲ್ಲ,” ಎಂದೆ. ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. “ಬಾಗಿಲು ತೆಗೆದೋಳು ನಾನು, ಮುಚ್ಚಿದೋಳು ಅವಳು. ಅವಳ ಹೆಸರೇ ಬರ್ಕೊಳ್ಳಿ.”

ಗನೀಮಾ ಬರೆದುಕೊಂಡರು. ಆಮೇಲೆ ಆಸ್ಪತ್ರೆಯ ಬಟ್ಟೆ ಕೇಳಿ ಪಡೆದು, ಬದಲಾಯಿಸಿಕೊಳ್ಳಲು ಹೋಗುತ್ತಾ “ನನ್ನನ್ನ ಇಲ್ಲೀವರೆಗೆ ಯಾವ ಆಸ್ಪತ್ರೇಲೂ ಹೀಗೆ ಹೊರಗೆ ನಿಲ್ಲಿಸಿರಲಿಲ್ಲ” ಎಂದರು. ಚಿನ್ನ ಸಿಕ್ಕಿತೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ಡಾಕ್ಟರು ನನ್ನ ಪಕ್ಕ ಬಂದರು. “ಎಷ್ಟು ದೊಡ್ಡ ಮನಸ್ಸು ತುಫೂಲ್ ನಿನ್ನದು” ಎಂದರು. ದೊಡ್ಡ ಮನಸ್ಸಂತೆ! ಹೊಟ್ಟೆಯೊಳಗೆ ಉರಿಯುತ್ತಿದ್ದುದನ್ನು ಇವರಿಗೆ ಹೇಗೆ ತೋರಿಸಲಿ?

ರಯ್ಯಾ ಅಳುತ್ತಾ, ಎರಡೂ ಕೈ ಚಾಚಿಕೊಂಡು ನನ್ನನ್ನು ಅಪ್ಪಿಕೊಳ್ಳಲು ಓಡಿಬಂದಳು. ಇನ್ನೇನು ಕೈಗೆ ಸಿಗಬೇಕು, ಅಲ್ಲೇ ನಿಂತುಬಿಟ್ಟಳು. ವಾರ್ಡಿನ ಬಾಗಿಲ ಕಡೆ ಒಮ್ಮೆ ನೋಡಿ ಕೈ ಕೆಳಗಿಳಿಸಿದಳು.

“ನೀವೂ ಬಟ್ಟೆ ಬದಲಾಯಿಸಿಕೊಂಡು ಬನ್ನಿ ಅಕ್ಕಾ,” ಎಂದಳು. “ನಾನು ಮತ್ತೆ ಅದರ ಹತ್ರ ಹೋಗ್ಬೇಕು.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಹೋಗಿ ಬಟ್ಟೆ ಬದಲಾಯಿಸಿಕೊಂಡೆ.