ಒಪ್ಪಿಗೆ ಹೇಳಬೇಕಾದವರು

"ಇಲ್ರಿ ಸರ್, ಆ ಖಾಲಿ ಚೌಕ ತಗಿಯೂದಿಲ್ಲ," ಎಂದಳು ದಾನೇಶ್ವರಿ, ಮೂರನೆಯ ಸಲ.

ಪ್ರಾಚಾರ್ಯ ಭೀಮಶ್ಯಾ ಕಂಪ್ಯೂಟರಿನ ಪರದೆಯ ಕಡೆ ನೋಡಿದರು, ಆಮೇಲೆ ಅವಳ ಕಡೆ. ಎರಡೂ ಅವರಿಗೆ ಅರ್ಥವಾಗದ ವಸ್ತುಗಳೇ.

"ಹುಡುಗರು ಏನರೆ ಹೊಲಸ ಬರದರ?"

"ಬರೀಲಿ. ಬರಿಯೂದರೆ ಕಲೀಲಿ."

ಸಿಂದಗಿಯ ಆ ಕಾಲೇಜಿಗೆ ಇಂಟರ್‌ನೆಟ್ ಬಂದ ವರ್ಷ. ರಾಜ್ಯಶಾಸ್ತ್ರ ಕಲಿಸುವ ದಾನೇಶ್ವರಿ ಅದರ ಮೇಲೊಂದು ಅಣಕು ಸರಕಾರ ಕಟ್ಟಲು ಹೊರಟಿದ್ದಳು. ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಕಾಲೇಜಿನವರು ನೋಡಿಕೊಂಡು ಸೇರುತ್ತೇವೆ ಎಂದಿದ್ದರು, ಅಂದರೆ ಸೇರುವುದಿಲ್ಲ ಎಂದು. ಪ್ರಧಾನಿ ಹುದ್ದೆಗೆ ಪಟ್ಟಿಯಲ್ಲಿದ್ದದ್ದು ಒಂದೇ ಹೆಸರು: ಕಾಂತು. ಅವನಪ್ಪ ಆಡಳಿತ ಮಂಡಳಿಯಲ್ಲಿದ್ದ. ಕುರಿ ಕಾಯುವವರ ಮನೆಯ ರೇಣುಕಾಗೆ ಸೂಚಕರೇ ಸಿಗಲಿಲ್ಲ.

ಸಿಗುವುದಿಲ್ಲವೆಂದು ಗೊತ್ತಿದ್ದೇ ದಾನೇಶ್ವರಿ ನಿಯಮ ಬರೆದಿದ್ದಳು. ಪಟ್ಟಿಯಲ್ಲಿಲ್ಲದವರ ಹೆಸರನ್ನು ಮತದಾರರೇ ಚೌಕದಲ್ಲಿ ಬರೆಯಬಹುದು. ಹಾಗೆ ಗೆದ್ದವರು ಸಂಜೆ ಐದರೊಳಗೆ ಖುದ್ದಾಗಿ ಬಂದು ಒಪ್ಪಿಗೆ ಹೇಳಬೇಕು. ಬಾರದಿದ್ದರೆ ಮರುಮತದಾನ.

ಈ ಊರಲ್ಲಿ ಅವಳಿಗೆ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. ಯಾರೂ ಮನೆಗೆ ಕರೆಯುತ್ತಿರಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ, ಆ ಮಾತು ಬೇರೆ.

ಮಧ್ಯಾಹ್ನ ಮತದಾನದ ಸಾಲಿನಲ್ಲಿ ಪಿಸುಮಾತು ಕಿವಿಗೆ ಬಿತ್ತು.

"ಯಾರಿಗೆ ಹಾಕಿದ್ಯೋ?"

"ನಮ್ಮ ರೇಣೀಗೆ. ಕಾಂತೂನ ಮಾರಿ ದಿನಾ ನೋಡತೇವಲ್ಲ, ಸಾಕು."

ದಾನೇಶ್ವರಿ ಮುಖ ತಿರುಗಿಸಿ ನಕ್ಕಳು. ಬಹಳ ದಿನಗಳ ಮೇಲೆ.

ನಾಲ್ಕೂವರೆಗೆ ಕಂಪ್ಯೂಟರ್ ಕೋಣೆಯ ಮೀರಾಸಾಬ ಎಣಿಕೆ ತೆರೆದ. ಚೌಕ ಗೆದ್ದಿತ್ತು. ಒಳಗೆ ಯಾರಿದ್ದಾರೆಂದು ಒತ್ತಿ ನೋಡಿದರೆ ಮೇಲಿನಿಂದ ಕೆಳತನಕ ಹೆಚ್ಚುಕಡಿಮೆ ಒಂದೇ ಸಾಲು: ಶ್ರೀ ಗುರು ಸಂಗಮೇಶ್ವರ ಪ್ರಸನ್ನ.

"ಇದೇನ್ರಿ?"

"ರೂಢೀರಿ ಮೇಡಂ. ಖಾಲಿ ಜಾಗಾ ಕಂಡ್ರ ಮೊದಲ ದೇವರ ಹೆಸರು ಬರೀತಾರ. ಪರೀಕ್ಷಾದಾಗ ಬರಿಯಂಗಿಲ್ಲೇನ್ರಿ? ನಮ್ಮ ಹುಡುಗರು ನಡುನಡುವ ಬಿಸ್ಮಿಲ್ಲಾದ ಏಳುನೂರಾ ಎಂಬತ್ತಾರು ಹೊಡದಾರ, ನೋಡ್ರಿ."

ರೇಣುಕಾ ಬಾಗಿಲ ಬಳಿ ನಿಂತಿದ್ದಳು. "ನಾನೂ ಬರದೇನ್ರಿ. ದೇವರ ಹೆಸರು ಬರದು, ಮುಂದ ನಂದು ಬರಿಯೂದ್ರಾಗ ಚೌಕ ತುಂಬಿತ್ರಿ. ಅಕ್ಷರಾನ ಮೂಡವಲ್ದು."

"ಅಳಿಸಿ ಬರೀಬೇಕಿತ್ತು!"

"ದೇವರ ಹೆಸರು ಹೆಂಗ ಅಳಸೂದ್ರಿ?"

ಸುದ್ದಿ ಕೇಳಿ ಬಂದ ಭೀಮಶ್ಯಾ ಹಿಗ್ಗಿದರು. "ಭಾಳ ಛಲೋ ಆತು! ಕುರ್ಚಿ ಮ್ಯಾಲೆ ಫೋಟೋ ಇಟ್ಟು ಹಾರ ಹಾಕೂಣು. ಕೆಲಸಾ ನಮ್ಮ ಕಾಂತು ನೋಡ್ಕೋತಾನ."

"ಇಲ್ರಿ. ಗೆದ್ದವರನ್ನ ಕೋರ್ಟಿನಾಂಗ ಮೂರು ಸಲ ಕೂಗಸ್ತೇನಿ. ಬರಲಿಲ್ಲಂದ್ರ ಗೈರುಹಾಜರಿ. ನಾಳೆ ಮತ್ತ ಮತದಾನ, ದೊಡ್ಡ ಚೌಕ ಇಟ್ಟು."

"ದೇವರಿಗೆ ಗೈರುಹಾಜರಿ ಹಾಕ್ತೀರೇನ್ರಿ, ಬಾಯಾರ?"

"ಹಾಕ್ತೇನಿ."

ಜವಾನ ಸೋಮನಿಂಗನನ್ನು ಕರೆಸಿದಳು. ಕೆಲಸವೇನೆಂದು ತಿಳಿದ ಮೇಲೆ ಅವನು ಚಪ್ಪಲಿ ಕಳಚಿ, ಹೊಸ್ತಿಲ ಮೇಲೆ ನಿಂತು, ವರಾಂಡದ ಕಡೆ ಕೂಗಿದ. "ಸಂಗಮೇಶ್ವರ ಅಪ್ಪಾವ್ರು ಬರಬೇಕ್ರೀ!"

ಹುಡುಗರು ಬಿದ್ದು ಬಿದ್ದು ನಕ್ಕರು. "ಬಸ್ ತಪ್ಪೇತೇಳೋ," ಎಂದನೊಬ್ಬ.

ಎರಡನೆಯ ಕೂಗಿಗೆ ನಗು ಅರ್ಧಕ್ಕೇ ನಿಂತಿತು. ಕಾಂತು ಜೇಬಿನಿಂದ ಕೈ ತೆಗೆದ. ಮೀರಾಸಾಬ ಕುರ್ಚಿಯಿಂದೆದ್ದು ನಿಂತ.

ಗೈರು ಎಂಬ ಗುಂಡಿಯ ಮೇಲೆ ದಾನೇಶ್ವರಿಯ ಬೆರಳಿತ್ತು. ಇನ್ನೊಂದು ಕೂಗು, ಒಂದು ಒತ್ತು. ರೇಣುಕಾಗಾಗಿ ತಾನು ಅಷ್ಟಾದರೂ ಮಾಡಲಾರಳೇ?

"ಮೇಡಂ, ಬ್ಯಾಡ್ರಿ," ಎಂದಳು ರೇಣುಕಾ. ಅವಳು ಸೆರಗು ತಲೆ ಮೇಲೆ ಎಳೆದುಕೊಂಡಿದ್ದಳು. "ನಿಮ್ಮ ಕಾಲ ಬೀಳ್ತೇನಿ. ನನಗ ಏನೂ ಬ್ಯಾಡ."

"ಕೂಗು, ಸೋಮನಿಂಗ."

ಮೂರನೆಯ ಕೂಗು ವರಾಂಡದ ಕೊನೆಗೆ ಮುಟ್ಟಿ ಅಲ್ಲೇ ಉಳಿಯಿತು. ಎಲ್ಲರೂ ಬಾಗಿಲು ನೋಡುತ್ತಿದ್ದರು. ಬೆರಳು ಗುಂಡಿಯ ಮೇಲಿದ್ದಂತೆಯೇ ತಾನೂ ಅತ್ತಲೇ ನೋಡುತ್ತಿರುವುದು ದಾನೇಶ್ವರಿಗೆ ತಿಳಿಯಿತು.

ಸೋಮನಿಂಗ ಮೆಲ್ಲಗೆ ಹೊಸ್ತಿಲಿಂದ ಕೆಳಗಿಳಿದು, ಗೋಡೆಗೆ ಒತ್ತಿ, ಬರುವವರಿಗೆ ದಾರಿ ಬಿಟ್ಟು ನಿಂತ.